ಮನೆಗೊಂದು ಕಾಫಿ ಗ್ರೈಂಡರ್: ‘ಆಟೊಮ್ಯಾಟಿಕ್ ಡೋಸಿಂಗ್’ ನಿಮಗೆ ನಿಜಕ್ಕೂ ಬೇಕಾ?

ಕಾಫಿ ಗ್ರೈಂಡರ್ ಡಬ್ಬಿಯ ಮೇಲೆ ‘ಆಟೊಮ್ಯಾಟಿಕ್ ಡೋಸಿಂಗ್’ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಗುಂಡಿ ಒತ್ತಿದರೆ ಸಾಕು, ಬೇಕಾದಷ್ಟೇ ಪುಡಿ ಬಿದ್ದು ಯಂತ್ರ ತಾನೇ ನಿಲ್ಲುತ್ತದೆ ಅಂತ ಅದರ ಅರ್ಥ. ಕೇಳೋಕೆ ಚೆನ್ನಾಗಿದೆ. ಆದರೆ ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಅಳೆಯೋದು ಏನನ್ನು? ಮನೆಗೆ ಅಂತ ಮಾರುವ ಬಹುತೇಕ ಗ್ರೈಂಡರ್‌ಗಳು ಪುಡಿಯನ್ನು ತೂಗುವುದೇ ಇಲ್ಲ. ಅವು ಎಣಿಸೋದು ಬರೀ ಸೆಕೆಂಡು. ಇಷ್ಟು ಸೆಕೆಂಡು ತಿರುಗು, ನಿಲ್ಲು, ಅಷ್ಟೇ. ಆ ಸಮಯದಲ್ಲಿ ಎಷ್ಟು ಗ್ರಾಂ ಬಿತ್ತು ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ.

ಹುಬ್ಬಳ್ಳಿ-ಧಾರವಾಡ ಚಹಾದ ಊರು, ಅದರಲ್ಲಿ ಎರಡು ಮಾತಿಲ್ಲ. ಗಿರ್ಮಿಟ್ಟು ಮಿರ್ಚಿ ತಿಂದು ಯಾರೂ ಕಾಫಿ ಕೇಳುವುದಿಲ್ಲ. ಆದರೂ ಬೆಳಿಗ್ಗೆ ಹಿತ್ತಾಳೆ ಫಿಲ್ಟರ್ ಇಲ್ಲದೆ ದಿನ ಶುರುವಾಗದ ಮನೆಗಳು ವಿದ್ಯಾನಗರದಲ್ಲೂ ಇವೆ, ಸಪ್ತಾಪುರದಲ್ಲೂ ಇವೆ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ರಾಜ್ಯದಲ್ಲೇ ಬೆಳೆಯೋದು, ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಈಗ ಅಲ್ಲಿಂದ ಹುರಿದ ಬೀಜ ನೇರ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ. ಅದೂ ಬೇಡ ಅಂದರೆ ಪೇಟೆಯ ಪುಡಿ ಅಂಗಡಿಯಲ್ಲಿ ‘ಪುಡಿ ಮಾಡಬ್ಯಾಡ್ರಿ, ಬೀಜಾನ ಕೊಡ್ರಿ’ ಅಂದರೆ ಸಾಮಾನ್ಯವಾಗಿ ಕೊಡ್ತಾರೆ. ಬೀಜ ಮನೆಗೆ ಬಂದ ಮೇಲೆ ಅದನ್ನು ಪುಡಿ ಮಾಡೋದು ಹೇಗೆ ಅನ್ನೋದರಿಂದ ತಲೆನೋವು ಶುರು.

ಮೊದಲು, ಮನೆಯಲ್ಲೇ ಯಾಕೆ ಪುಡಿ ಮಾಡಬೇಕು? ಹುರಿದ ಬೀಜದೊಳಗೆ ಪರಿಮಳದ ಅಂಶಗಳೂ ಇಂಗಾಲದ ಡೈಆಕ್ಸೈಡೂ ಸಿಕ್ಕಿಕೊಂಡಿರುತ್ತವೆ. ಪುಡಿ ಮಾಡಿದ ಕೂಡಲೇ ಗಾಳಿ ತಾಗುವ ಮೈ ಎಷ್ಟೋ ಪಟ್ಟು ಜಾಸ್ತಿಯಾಗಿ ಅವು ಹಾರಿಹೋಗೋಕೆ ಶುರುವಾಗುತ್ತವೆ. ಅಡುಗೆಮನೆಯಲ್ಲಿ ಡಬ್ಬಿ ತೆಗೆದಾಗ ಘಮ್ ಅನ್ನುತ್ತದಲ್ಲ, ಆ ಘಮ ಲೋಟಕ್ಕೆ ಬರಬೇಕಾದದ್ದು, ಗಾಳಿಗೆ ಹೋಗ್ತಿದೆ. ಬೀಜವಾಗಿದ್ದರೆ ವಾರಗಟ್ಟಲೆ ಪರವಾಗಿಲ್ಲ. ಪುಡಿಯಾದರೆ ದಿನಗಳ ಲೆಕ್ಕ. ಕಾರಣ ಇಷ್ಟೇ, ಇದರಲ್ಲಿ ಶೋಕಿ ಏನಿಲ್ಲ.

ಮಿಕ್ಸರ್‌ನಲ್ಲಿ ಹಾಕಿದರೆ ಆಗಲ್ವಾ? ಆಗುತ್ತದೆ, ಆದರೆ ಮಿಕ್ಸರ್ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಹೊಡೆದು ಚೂರು ಮಾಡುತ್ತದೆ. ಕೆಳಗೆ ಸಿಕ್ಕಿದ್ದು ದೂಳಾಗುತ್ತದೆ, ಮೇಲೆ ಹಾರಿದ್ದು ಕಡ್ಲೆಬ್ಯಾಳಿ ಗಾತ್ರದಲ್ಲೇ ಉಳಿಯುತ್ತದೆ. ದೂಳಿನಿಂದ ನೀರು ಎಲ್ಲವನ್ನೂ ಬೇಗ ಎಳೆದುಕೊಂಡು ಕಹಿ ತರುತ್ತದೆ. ದಪ್ಪ ಚೂರಿನ ಒಳಗೆ ನೀರು ಹೋಗುವುದೇ ಇಲ್ಲ, ಅಲ್ಲಿಂದ ಹುಳಿ, ಸಪ್ಪೆ ಬರುತ್ತದೆ. ಎರಡೂ ಒಂದೇ ಲೋಟದಲ್ಲಿ ಸೇರುತ್ತವೆ. ಹೀಗಾಗಿ ಎಷ್ಟು ಒಳ್ಳೆಯ ಬೀಜ ತಂದರೂ ‘ಯಾಕೋ ಸರಿ ಬರಲಿಲ್ಲ’ ಅನಿಸುತ್ತದೆ.

ಬರ್ ಗ್ರೈಂಡರ್ ಕೆಲಸ ಮಾಡುವ ರೀತಿ ನಮ್ಮ ಓಣಿಯ ಹಿಟ್ಟಿನ ಗಿರಣಿಯದೇ. ಗಿರಣಿಯಲ್ಲಿ ಎರಡು ಕಲ್ಲು. ಒಂದು ನಿಂತಿರುತ್ತದೆ, ಒಂದು ತಿರುಗುತ್ತದೆ, ನಡುವೆ ಸಂದು. ಜೋಳದ ಹಿಟ್ಟು ಸಣ್ಣಗೆ ಬೇಕಂದರೆ ಗಿರಣಿಯವ ಚಕ್ರ ತಿರುಗಿಸಿ ಸಂದು ಬಿಗಿ ಮಾಡ್ತಾನೆ, ನುಚ್ಚು ಬೇಕಂದರೆ ಸಡಿಲ ಬಿಡ್ತಾನೆ. ಕಾಫಿ ಗ್ರೈಂಡರ್‌ನಲ್ಲಿ ಕಲ್ಲಿನ ಜಾಗದಲ್ಲಿ ಹಲ್ಲಿರುವ ಎರಡು ಉಕ್ಕಿನ ಅಥವಾ ಸಿರಾಮಿಕ್ ಬಿಲ್ಲೆ ಇರುತ್ತವೆ, ಇವಕ್ಕೇ ಬರ್ ಅನ್ನೋದು. ಬೀಜ ಮೇಲಿಂದ ಇಳಿದು, ಹಲ್ಲುಗಳ ನಡುವೆ ಒಡೆದು, ಸಂದಿನಷ್ಟೇ ಗಾತ್ರವಾದ ಮೇಲೆ ಹೊರಗೆ ಬರುತ್ತದೆ. ದೂಳು ಇಲ್ಲವೇ ಇಲ್ಲ ಅಂತಲ್ಲ, ಯಾವ ಗ್ರೈಂಡರ್‌ನಲ್ಲೂ ಒಂದಷ್ಟು ದೂಳು ಆಗೇ ಆಗುತ್ತದೆ. ಆದರೆ ಹೆಚ್ಚಿನ ಕಣಗಳು ಒಂದೇ ಅಳತೆಯ ಆಸುಪಾಸಿನಲ್ಲಿರುತ್ತವೆ, ಮತ್ತು ನಾಳೆಯೂ ಅದೇ ಅಳತೆ ಸಿಗುತ್ತದೆ. ‘ನಾಳೆಯೂ ಅದೇ’ ಅನ್ನೋದೇ ಇಲ್ಲಿ ಮುಖ್ಯ.

ಈ ಬಿಲ್ಲೆಗಳಲ್ಲಿ ಎರಡು ಆಕಾರ. ಕೋನಿಕಲ್ ಅಂದರೆ ಶಂಕುವಿನಂಥದ್ದು ಬಳೆಯಂಥ ಇನ್ನೊಂದರೊಳಗೆ ಕೂತಿರುತ್ತದೆ. ಫ್ಲ್ಯಾಟ್ ಅಂದರೆ ಎರಡು ಚಪ್ಪಟೆ ಬಿಲ್ಲೆಗಳು ಎದುರುಬದುರು. ಇವುಗಳ ರುಚಿಯ ಬಗ್ಗೆ ಕಾಫಿ ಹುಚ್ಚರು ರಾತ್ರಿಯಿಡೀ ಜಗಳ ಆಡ್ತಾರೆ. ಹಾಲು ಹಾಕಿ ಕುಡಿಯುವ ಮನೆಯಾದರೆ ಆ ಜಗಳಕ್ಕೆ ನೀವು ಹೋಗಲೇಬೇಡಿ. ನಿಮಗೆ ಬೇಕಾದ್ದು ನಿಜವಾದ ಬರ್, ಅಷ್ಟೇ. ಯಾಕೆ ‘ನಿಜವಾದ’ ಅಂದೆ ಅಂದರೆ, ಕಡಿಮೆ ಬೆಲೆಯ ಕೆಲವು ಯಂತ್ರಗಳ ಮೇಲೆ ಬರ್ ಅಂತ ಬರೆದಿದ್ದರೂ ಒಳಗೆ ಇರೋದು ಮೊಂಡು ಗುಬುಟುಗಳಿರುವ ಒಂದು ಚಕ್ರ. ಅದಕ್ಕೆ ಕತ್ತರಿಸುವ ಅಂಚೇ ಇರುವುದಿಲ್ಲ. ಜೋರಾಗಿ ತಿರುಗಿ ಬೀಜವನ್ನು ಜಜ್ಜುತ್ತದೆ. ಮಿಕ್ಸರ್‌ಗಿಂತ ವಾಸಿ, ಆದರೆ ಸಂದು ಎಷ್ಟೇ ಬದಲಿಸಿದರೂ ದೂಳೂ ದಪ್ಪ ಚೂರೂ ಜೊತೆಗೇ ಬೀಳ್ತಾ ಇರುತ್ತವೆ. ಕೊಳ್ಳುವ ಮುಂಚೆ ಬಿಲ್ಲೆಯ ಫೋಟೊ ನೋಡಿ. ಚೂಪಾದ ಗೆರೆಗಳಂಥ ಹಲ್ಲು ಕಂಡರೆ ಸರಿ. ಮಾರುವವರು ಬಿಲ್ಲೆಯ ಫೋಟೊನೇ ಹಾಕಿಲ್ಲ ಅಂದರೆ ನಾನಂತೂ ಮುಂದೆ ಹೋಗ್ತೀನಿ.

ಈಗ ಡೋಸಿಂಗ್ ಕಡೆ ಬರೋಣ. ಹಳೆಯ ಪದ್ಧತಿ ಇಟಲಿಯ ಕಾಫಿ ಬಾರ್‌ಗಳದು. ಗ್ರೈಂಡರ್ ಮುಂದೆ ಒಂದು ದುಂಡು ಡಬ್ಬಿ, ಅದರೊಳಗೆ ನಕ್ಷತ್ರದಂತೆ ಖಾನೆಗಳು. ಹಿಡಿಕೆ ಒಂದು ಸಲ ಎಳೆದರೆ ಒಂದು ಖಾನೆಯ ಪುಡಿ ಬೀಳುತ್ತದೆ, ಒಂದು ಎಸ್ಪ್ರೆಸೊಗೆ (ಯಂತ್ರದ ಒತ್ತಡದಲ್ಲಿ ಇಳಿಸುವ ಪುಟ್ಟ, ಗಟ್ಟಿ ಕಾಫಿ) ಬೇಕಾದ ಸುಮಾರು 7 ಗ್ರಾಂ. ಖಾನೆ ತುಂಬಿದ್ದರೆ ಮಾತ್ರ ಅಳತೆ ಸರಿ. ಬಾರ್‌ನಲ್ಲಿ ಗಿರಾಕಿ ಸಾಲಾಗಿ ಬರ್ತಾನೇ ಇರ್ತಾರೆ, ಪುಡಿ ಕೂತುಕೊಂಡು ಹಳೆಯದಾಗುವ ಪ್ರಶ್ನೆಯೇ ಇಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಉಳಿದ ಹೊತ್ತು ಆ ಪುಡಿ ಡಬ್ಬಿಯಲ್ಲೇ ಕೊಳೆಯುತ್ತದೆ. ಸೆಕೆಂಡ್ ಹ್ಯಾಂಡಲ್ಲಿ ಇಂಥ ಹೋಟೆಲ್ ಯಂತ್ರ ಸಿಕ್ಕರೆ ಆಸೆ ಪಡಬೇಡಿ.

ಎರಡನೆಯದು ಟೈಮರ್. ಮನೆ ಗ್ರೈಂಡರ್‌ಗಳಲ್ಲಿ ಜಾಸ್ತಿ ಸಿಗೋದು ಇದೇ. ಕೆಲವದರಲ್ಲಿ ‘2 ಕಪ್, 4 ಕಪ್, 6 ಕಪ್’ ಅಂತ ತಿರುಗಣೆ ಇರುತ್ತದೆ. ಅದೂ ಟೈಮರೇ, ಸೆಕೆಂಡಿನ ಬದಲು ಕಪ್ಪಿನ ಚಿತ್ರ ಬರೆದಿದ್ದಾರೆ ಅಷ್ಟೇ. ಅವರ ಕಪ್ಪು ನಮ್ಮ ಸ್ಟೀಲ್ ಲೋಟ ಅಲ್ಲ, ಆ ಅಂಕಿಗೆ ಏನೂ ಅರ್ಥ ಕೊಡೋಕೆ ಹೋಗಬೇಡಿ. ಮೂರನೆಯದು ನಿಜವಾಗಿ ತೂಗುವ ಯಂತ್ರ. ಒಳಗೇ ತಕ್ಕಡಿ ಇದ್ದು, ಹೇಳಿದ ಗ್ರಾಂ ಬಿದ್ದ ಕೂಡಲೇ ನಿಲ್ಲುತ್ತದೆ. ಬರಾಟ್ಜಾ ಸೆಟ್ಟೆ 270 ಡಬ್ಲ್ಯುಐ, ಯುರೇಕಾ ಮಿನ್ಯೋನ್ ಲಿಬ್ರಾ ಈ ಜಾತಿಯವು. ಚೆನ್ನಾಗಿವೆ, ಬೆಲೆಯೂ ಹಾಗೇ ಇದೆ, ಮತ್ತು ಮುಖ್ಯವಾಗಿ ಇವು ಎಸ್ಪ್ರೆಸೊ ಮಾಡುವವರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ನಾಲ್ಕನೆಯದಕ್ಕೆ ಡೋಸಿಂಗೇ ಇಲ್ಲ. ನೀವೇ ಬೀಜವನ್ನು ತೂಗಿ ಹಾಕ್ತೀರಿ, ಅದು ಎಲ್ಲವನ್ನೂ ಪುಡಿ ಮಾಡುತ್ತದೆ. ಫೆಲೊ ಓಡ್ ಹೀಗೆ, ಬೀಜ ಮುಗಿದಾಗ ತಾನೇ ನಿಲ್ಲುತ್ತದೆ ಕೂಡ.

ಟೈಮರ್ ಯಾಕೆ ತಪ್ಪುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಆಯ್ಕೆ ನಿಂತಿರೋದು ಇದರ ಮೇಲೆ. ಸಂದು ಬಿಗಿ ಮಾಡಿದರೆ ಪುಡಿ ಹೊರಗೆ ಬರೋದು ನಿಧಾನ. ಅಂದರೆ ಅದೇ 15 ಸೆಕೆಂಡಿಗೆ ದಪ್ಪ ಪುಡಿಯಾದರೆ ಜಾಸ್ತಿ, ಸಣ್ಣ ಪುಡಿಯಾದರೆ ಕಡಿಮೆ. ಹಾಗಾಗಿ ಪುಡಿಯ ಅಳತೆ ಒಂದು ಗೆರೆ ಬದಲಿಸಿದರೂ ಟೈಮರನ್ನು ಮತ್ತೆ ಹೊಂದಿಸಬೇಕು. ಬೀಜ ಬದಲಾದರೂ ಹಾಗೇ. ಕಪ್ಪಗೆ ಹುರಿದ ಬೀಜ ಪುಸುಕ್ಕನೆ ಒಡೆಯುತ್ತದೆ, ತಿಳಿಯಾಗಿ ಹುರಿದದ್ದು ಗಟ್ಟಿ, ಹೊತ್ತು ಹಿಡಿಯುತ್ತದೆ. ದುಂಡಗಿನ ಪೀಬೆರ್ರಿ ಬೀಜ ಉರುಳುವ ರೀತಿಯೇ ಬೇರೆ, ಪ್ಲಾಂಟೇಶನ್ ಎ ಅನ್ನುವ ದರ್ಜೆಯ ಚಪ್ಪಟೆ ಬೀಜ ಇಳಿಯುವ ರೀತಿಯೇ ಬೇರೆ. ಮಾನ್ಸೂನ್ಡ್ ಮಲಬಾರ್ ಅಂತ ಬರುತ್ತದಲ್ಲ, ಮಳೆಗಾಲದ ಗಾಳಿಗೆ ಉಬ್ಬಿಸಿದ್ದು, ಅದು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಇನ್ನೊಂದು ಬಹಳ ಜನರ ಗಮನಕ್ಕೆ ಬರೋದಿಲ್ಲ: ಮೇಲಿನ ಬೀಜದ ಡಬ್ಬಿ, ಅಂದರೆ ಹಾಪರ್, ತುಂಬಿದ್ದಾಗ ಮೇಲಿನ ಭಾರ ಕೆಳಗಿನ ಬೀಜವನ್ನು ಬಿಲ್ಲೆಯೊಳಗೆ ತಳ್ಳುತ್ತದೆ. ತಳ ಕಾಣೋಕೆ ಶುರುವಾದರೆ ಬೀಜಗಳು ಬಿಲ್ಲೆಯ ಮೇಲೆ ಕುಣಿಯುತ್ತಾ ಇರ್ತವೆ, ಒಳಗೆ ಹೋಗೋದೇ ಇಲ್ಲ, ಟೈಮರ್ ಮಾತ್ರ ಓಡ್ತಾ ಇರುತ್ತದೆ.

ಇದನ್ನೆಲ್ಲ ಓದಿದರೆ ಟೈಮರ್ ದಂಡ ಅನಿಸಬಹುದು. ನನ್ನ ಅಭಿಪ್ರಾಯ ಅದಲ್ಲ. ಟೈಮರ್ ತಪ್ಪೋದು ಏನಾದರೂ ಬದಲಾದಾಗ. ಎಸ್ಪ್ರೆಸೊ ಮಾಡುವವರು ಹೊಸ ಬೀಜ ಬಂದಾಗೆಲ್ಲ, ಕೆಲವರು ದಿನಾ ಬೆಳಿಗ್ಗೆ, ಸಂದನ್ನು ಕೂದಲೆಳೆಯಷ್ಟು ಆಚೀಚೆ ಮಾಡ್ತಾರೆ. ಅವರಿಗೆ 18 ಗ್ರಾಂ ಅಂದರೆ 18 ಗ್ರಾಮೇ ಬೇಕು, ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ರುಚಿ ಕೆಡುತ್ತದೆ. ವಿಚಿತ್ರ ಅಂದರೆ ಟೈಮರನ್ನು ಜಾಹೀರಾತು ಮಾಡೋದು ಅವರಿಗೇ. ನಮ್ಮ ಫಿಲ್ಟರ್ ಕಾಫಿ ಮನೆ ನೋಡಿ. ಅದೇ ಅಂಗಡಿ, ಅದೇ ಬೀಜ, ಅದೇ ಫಿಲ್ಟರ್, ಅದೇ ನಾಲ್ಕು ಲೋಟ. ಒಮ್ಮೆ ಸಂದು ಕೂಡಿಸಿದರೆ ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಒಂದೆರಡು ಗ್ರಾಂ ವ್ಯತ್ಯಾಸವಾದರೆ ಡಿಕಾಕ್ಷನ್ ಸ್ವಲ್ಪ ಗಟ್ಟಿ ಅಥವಾ ಸ್ವಲ್ಪ ತೆಳು, ಹಾಲಿನಲ್ಲಿ ಸರಿಹೋಗುತ್ತದೆ. ಟೈಮರ್ ನಂಬುವಂತೆ ಕೆಲಸ ಮಾಡೋದು ಇಂಥ ಮನೆಯಲ್ಲೇ. ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಗುಂಡಿ ಒತ್ತಿ ಹಾಲಿಡೋಕೆ ಹೋಗಬಹುದು. ಮನೆಯಲ್ಲಿ ಅಜ್ಜಿ, ಮಗ, ಸೊಸೆ ಯಾರು ಒತ್ತಿದರೂ ಅಷ್ಟೇ ಪುಡಿ ಬೀಳುತ್ತದೆ.

ಆದರೆ ಈ ಮನೆಗೂ ಟೈಮರ್ ಅಗತ್ಯ ಅಂತಲ್ಲ, ಅನುಕೂಲ. ದುಡ್ಡು ಸೀಮಿತ ಇದ್ದರೆ ಮೊದಲು ಒಳ್ಳೆಯ ಬಿಲ್ಲೆಗೆ ಹಾಕಿ, ಆಮೇಲೆ ಟೈಮರ್‌ಗೆ. ಬರಾಟ್ಜಾ ಎನ್ಕೋರ್‌ನಲ್ಲಿ 40 ಮಿ.ಮೀ. ಕೋನಿಕಲ್ ಬಿಲ್ಲೆ, ಪುಡಿಯ ದಪ್ಪ ಬದಲಿಸೋಕೆ 40 ಹಂತ, ಒಂದು ಆನ್-ಆಫ್ ಸ್ವಿಚ್, ಟೈಮರ್ ಇಲ್ಲ. ಅದರ ಅಣ್ಣ ವರ್ಚುಸೊ ಪ್ಲಸ್‌ನಲ್ಲೂ ಬಿಲ್ಲೆಯ ಗಾತ್ರ 40 ಮಿ.ಮೀ., ಹಂತ ಅಷ್ಟೇ 40, ಜೊತೆಗೆ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಹೊಂದಿಸಬಹುದಾದ ಡಿಜಿಟಲ್ ಟೈಮರ್. ಬ್ರೆವಿಲ್‌ನ ಸ್ಮಾರ್ಟ್ ಗ್ರೈಂಡರ್ ಪ್ರೊ, ಇಂಗ್ಲೆಂಡಿನಲ್ಲಿ ಸೇಜ್ ಹೆಸರಲ್ಲಿ ಮಾರ್ತಾರೆ, ಅದರಲ್ಲಿ 60 ಹಂತ, ಟೈಮರ್ 0.2 ಸೆಕೆಂಡಿನ ಹೆಜ್ಜೆಯಲ್ಲಿ. ಯುರೇಕಾ ಮಿನ್ಯೋನ್ ಸ್ಪೆಶಲಿಟಾದಲ್ಲಿ 55 ಮಿ.ಮೀ. ಫ್ಲ್ಯಾಟ್ ಬಿಲ್ಲೆ, ಎರಡು ಅಳತೆಯ ಟೈಮರ್. ಅದು ಎಸ್ಪ್ರೆಸೊ ಯಂತ್ರ, ಸಂದನ್ನು ಹಂತವಿಲ್ಲದೆ ನುಣ್ಣಗೆ ತಿರುಗಿಸಬಹುದು. ಮನೆಯಲ್ಲಿ ಎಸ್ಪ್ರೆಸೊ ಮಷೀನ್ ಇಲ್ಲದವರು ಅದಕ್ಕೆ ಸುರಿಯುವ ದುಡ್ಡು ಸುಮ್ನೆ. ಮೇಲೆ ಹೇಳಿದ ಓಡ್ 64 ಮಿ.ಮೀ. ಫ್ಲ್ಯಾಟ್, ಆದರೆ ಎಸ್ಪ್ರೆಸೊಗೆ ಬೇಕಾದಷ್ಟು ಸಣ್ಣಗೆ ಹೋಗೋದಿಲ್ಲ. ಮುಂದೆ ಎಂದಾದರೂ ಎಸ್ಪ್ರೆಸೊ ಮಾಡುವ ಯೋಚನೆ ಇದ್ದರೆ ಇದನ್ನು ಈಗಲೇ ನೆನಪಿಡಿ.

ಒಬ್ಬರು ಇಬ್ಬರು ಕುಡಿಯುವ ಮನೆಗೆ ಕೈಯಿಂದ ತಿರುಗಿಸುವ ಗ್ರೈಂಡರ್ ಸಾಕು. ಕೆಲವು ಸಾವಿರದಲ್ಲಿ ಉಕ್ಕಿನ ಬಿಲ್ಲೆಯ ಒಳ್ಳೆಯ ಕೈಗ್ರೈಂಡರ್ ಸಿಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಅದೇ ಗುಣಮಟ್ಟಕ್ಕೆ ಅದರ ಹಲವು ಪಟ್ಟು ಕೊಡಬೇಕು, ಯಾಕಂದರೆ ಮೋಟರ್‌ಗೂ ದುಡ್ಡು ಕೊಡ್ತಿದ್ದೀರಿ. ಮನೆ ತುಂಬ ಜನ, ಮೇಲೆ ಬಂದು ಹೋಗುವವರು ಅಂದರೆ ಕೈಗ್ರೈಂಡರ್ ಮೂರು ದಿನಕ್ಕೆ ಕಪಾಟು ಸೇರುತ್ತದೆ.

ಟೈಮರ್ ಗ್ರೈಂಡರ್ ತಂದಿರಿ ಅಂತಿಟ್ಟುಕೊಳ್ಳೋಣ. ಹೊಂದಿಸೋದು ಹೀಗೆ. 0.1 ಗ್ರಾಂ ತೋರಿಸುವ ಚಿಕ್ಕ ಅಡುಗೆ ತಕ್ಕಡಿ ಒಂದು ತನ್ನಿ, ಇದು ಇಲ್ಲದೆ ಮುಂದಿನ ಮಾತೆಲ್ಲ ಗಾಳಿಯಲ್ಲಿ. ಮೊದಲು ಒಂದಷ್ಟು ಬೀಜ ಓಡಿಸಿ, ಪುಡಿ ದಾರಿಯೆಲ್ಲ ತುಂಬಲಿ. ಆ ಪುಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಪುಡಿಯ ದಪ್ಪ ಸರಿ ಮಾಡಿಕೊಳ್ಳಿ, ಟೈಮರ್ ಕಡೆ ಇನ್ನೂ ನೋಡಬೇಡಿ. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ಗೆ ಎಸ್ಪ್ರೆಸೊಗಿಂತ ತುಸು ದಪ್ಪ, ಸಣ್ಣ ರವೆಗಿಂತ ನುಣುಪು. ಡಿಕಾಕ್ಷನ್ ತಟ್ಟನೆ ಇಳಿದುಬಿಟ್ಟು ತೆಳ್ಳಗಾದರೆ ಇನ್ನೂ ಸಣ್ಣಗೆ ಮಾಡಿ. ರಾತ್ರಿ ಹಾಕಿದ್ದು ಬೆಳಿಗ್ಗೆಯಾದರೂ ಮೇಲೇ ನಿಂತಿದ್ದರೆ ದಪ್ಪ ಮಾಡಿ. ಅದು ಕೂತ ಮೇಲೆ 10 ಸೆಕೆಂಡು ಓಡಿಸಿ ತೂಗಿ. 14 ಗ್ರಾಂ ಬಿತ್ತು ಅನ್ನಿ. ಅಂದರೆ ಸೆಕೆಂಡಿಗೆ 1.4 ಗ್ರಾಂ. ನಿಮಗೆ 21 ಗ್ರಾಂ ಬೇಕಾದರೆ ಟೈಮರ್ 15 ಸೆಕೆಂಡಿಗೆ ಇಡಬೇಕು. ಅದೇ ಅಳತೆಯಲ್ಲಿ ಇನ್ನೂ ಎರಡು ಮೂರು ಸಲ ಓಡಿಸಿ ತೂಗಿ ನೋಡಿ, ಪ್ರತಿ ಸಲ ಹತ್ತಿರಹತ್ತಿರ ಬಂದರೆ ನಿಮ್ಮ ಯಂತ್ರ ಒಳ್ಳೆಯದು. ಆಮೇಲೆ ಹಾಪರ್ ಕಾಲುಭಾಗಕ್ಕೆ ಇಳಿಯುವ ಮುಂಚೆಯೇ ಮತ್ತೆ ತುಂಬೋ ರೂಢಿ ಇಟ್ಟುಕೊಳ್ಳಿ. ಹೊಸ ಪ್ಯಾಕೆಟ್ ಒಡೆದಾಗ ಒಮ್ಮೆ ತೂಗಿದರೆ ಸಾಕು.

ಎಷ್ಟು ಗ್ರಾಂ ಬೇಕು ಅನ್ನೋದು ನಿಮ್ಮ ನಾಲಗೆಗೆ ಬಿಟ್ಟದ್ದು. 20 ಗ್ರಾಂ ಪುಡಿಗೆ 100ರಿಂದ 120 ಮಿ.ಲೀ. ಕುದಿನೀರು ಅಂತ ಶುರು ಮಾಡಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಈಗ ಚಿಕೋರಿ. ವಿದೇಶಿ ಗ್ರೈಂಡರ್‌ನ ಪುಸ್ತಿಕೆಯಲ್ಲಿ ಇದರ ಹೆಸರೂ ಇರುವುದಿಲ್ಲ, ಆದರೆ ನಮಗೆ ಇದೇ ದೊಡ್ಡ ಪ್ರಶ್ನೆ. ಚಿಕೋರಿ ಬೇರಿನ ತುಂಡನ್ನು ಬೀಜದ ಜೊತೆ ಹಾಪರ್‌ಗೆ ಹಾಕಲೇಬೇಡಿ. ಹುರಿದ ಚಿಕೋರಿ ಗಾಳಿಯ ತೇವವನ್ನು ಎಳೆದುಕೊಂಡು ಅಂಟಂಟಾಗುತ್ತದೆ. ಬಿಲ್ಲೆಯ ಹಲ್ಲಿನ ಸಂದಿಯಲ್ಲಿ ಹೊಕ್ಕು ಗಟ್ಟಿಯಾದರೆ ಕೆರೆದು ತೆಗೆಯೋದೇ ಒಂದು ಕೆಲಸ. ಚಿಕೋರಿ ಪುಡಿಯನ್ನು ಬೇರೆಯೇ ತಂದು, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಫಿಲ್ಟರ್‌ಗೆ ಹಾಕುವಾಗ ಚಮಚದಲ್ಲಿ ಬೆರೆಸಿ. ಇದರಲ್ಲಿ ಒಂದು ಲಾಭವೂ ಇದೆ. ಅಂಗಡಿಯ ಮಿಶ್ರಣದಲ್ಲಿ ಚಿಕೋರಿ ಎಷ್ಟು ಅನ್ನೋದು ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರದಲ್ಲಿರುತ್ತದೆ, ಕಾನೂನಿನ ಪ್ರಕಾರ 49 ಪರ್ಸೆಂಟ್‌ವರೆಗೂ ಇರಬಹುದು. ಅಂದರೆ ಹತ್ತಿರಹತ್ತಿರ ಅರ್ಧ! ಮನೆಯಲ್ಲಿ ನೀವೇ ಬೆರೆಸಿದರೆ ಲೆಕ್ಕ ನಿಮ್ಮ ಕೈಯಲ್ಲಿ. 80:20 ಬೇಕಾದರೆ 20 ಗ್ರಾಂ ಕಾಫಿಗೆ 5 ಗ್ರಾಂ ಚಿಕೋರಿ. ಚಿಕೋರಿ ನೀರನ್ನು ಹಿಡಿದು ನಿಧಾನಕ್ಕೆ ಬಿಡುತ್ತದೆ, ಹಾಗಾಗಿ ಚಿಕೋರಿ ಬಿಟ್ಟು ಬರೀ ಕಾಫಿ ಹಾಕುವವರು ಪುಡಿಯನ್ನು ಇನ್ನೊಂದು ಹಂತ ಸಣ್ಣಗೆ ಮಾಡಬೇಕಾಗುತ್ತದೆ. ಸಣ್ಣಗೆ ಮಾಡಿದಿರಾ? ಟೈಮರ್ ಮತ್ತೆ ಹೊಂದಿಸಿ.

ಬೀಜದಲ್ಲಿ ಕಲ್ಲು ಬರೋದೂ ನಮಗೆ ಹೊಸದಲ್ಲ. ಕಣದಲ್ಲಿ ಒಣಗಿಸಿದ ಕಾಫಿ, ಎಷ್ಟೇ ಸೋಸಿದರೂ ಒಮ್ಮೊಮ್ಮೆ ಒಂದು ಹರಳು ತಪ್ಪಿಸಿಕೊಂಡು ಬರುತ್ತದೆ. ಸಿರಾಮಿಕ್ ಬಿಲ್ಲೆ ಗಟ್ಟಿ, ಬೇಗ ಸವೆಯೋದಿಲ್ಲ, ಆದರೆ ಕಲ್ಲು ಸಿಕ್ಕರೆ ಚಕ್ಕೆ ಏಳಬಹುದು. ಉಕ್ಕಿನದಕ್ಕೆ ಗೀರು ಬಿದ್ದರೂ ಅಷ್ಟು ಸುಲಭಕ್ಕೆ ಒಡೆಯೋದಿಲ್ಲ. ಅಂಗಡಿಯಿಂದ ಬಿಡಿಬೀಜ ತರುವವರು ಅಕ್ಕಿ ಆರಿಸಿದ ಹಾಗೆ ತಟ್ಟೆಯಲ್ಲಿ ಹರಡಿ ಒಮ್ಮೆ ಕಣ್ಣಾಡಿಸಿ, ಆಮೇಲೆ ಹಾಪರ್‌ಗೆ ಹಾಕಿ. ಓಡುವಾಗ ‘ಕಟ್’ ಅಂತ ನಿಂತರೆ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ, ಮತ್ತೆ ಮತ್ತೆ ಗುಂಡಿ ಒತ್ತಬೇಡಿ, ಮೋಟರ್ ಸುಟ್ಟುಹೋಗುತ್ತದೆ.

ಇನ್ನು ನಮ್ಮೂರಿನ ಒಂದು ವಿಶೇಷ ಸಮಸ್ಯೆ: ಅಮೆರಿಕದಿಂದ ಬರುವ ಮಗ, ಅಳಿಯ. ‘ಅಲ್ಲಿ ಅಗ್ಗ, ಬರೂವಾಗ ತರ್ತೀನಿ’ ಅಂತಾರೆ, ಪ್ರೀತಿಯಿಂದಲೇ. ತರಿಸಬೇಡಿ. ಅಲ್ಲಿಯ ವಿದ್ಯುತ್ 120 ವೋಲ್ಟ್, 60 ಹರ್ಟ್ಜ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಜ್. ಮೊಬೈಲ್ ಚಾರ್ಜರ್ ಎರಡಕ್ಕೂ ಹೊಂದಿಕೊಳ್ಳುತ್ತದೆ ಅಂತ ಗ್ರೈಂಡರ್ ಹೊಂದಿಕೊಳ್ಳುವುದಿಲ್ಲ. ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಮೋಟರ್‌ನ ಕಥೆ ಅಲ್ಲಿಗೇ ಮುಗಿಯುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೆ ಓಡುತ್ತದೆ, ಆದರೆ ಅದು ಅಡುಗೆಕಟ್ಟೆಯ ಮೇಲೆ ಇಟ್ಟಿಗೆಯಷ್ಟು ಜಾಗ ತಿನ್ನುತ್ತದೆ, ಹರ್ಟ್ಜನ್ನು ಮಾತ್ರ ಬದಲಿಸೋದಿಲ್ಲ. ಇಂಡಕ್ಷನ್ ಮೋಟರ್ ಇರುವ ಯಂತ್ರವಾದರೆ 50 ಹರ್ಟ್ಜ್‌ನಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ. ಅಲ್ಲಿಯ ವಾರಂಟಿ ಸಾಮಾನ್ಯವಾಗಿ ಇಲ್ಲಿ ನಡೆಯೋದೂ ಇಲ್ಲ. ಯುರೋಪಿನಿಂದ ಬಂದರೆ ವೋಲ್ಟೇಜ್ ತೊಂದರೆ ಇಲ್ಲ, ಪಿನ್ ಮತ್ತು ವಾರಂಟಿ ನೋಡಿಕೊಂಡರಾಯಿತು. ಯಾವುದೇ ಇರಲಿ, ಯಂತ್ರದ ಅಡಿಯ ಚೀಟಿಯಲ್ಲಿ 220-240 ವೋಲ್ಟ್ ಅಂತ ಇದೆಯಾ ಅಂತ ಓದಿ.

ಸರ್ವಿಸ್ ಬಗ್ಗೆ ಕೊಳ್ಳುವ ಮುಂಚೆಯೇ ಮಾರುವವರಿಗೆ ನೇರವಾಗಿ ಕೇಳಿ. ಕೆಟ್ಟರೆ ಹುಬ್ಬಳ್ಳಿಯಲ್ಲೇ ಯಾರಾದರೂ ಬರ್ತಾರಾ, ಇಲ್ಲ 400 ಕಿಲೊಮೀಟರ್ ದೂರದ ಬೆಂಗಳೂರಿಗೆ ಕಳಿಸಬೇಕಾ? ಕಳಿಸೋದಾದರೆ ಕೊರಿಯರ್ ಖರ್ಚು ಯಾರದು? ಬಿಲ್ಲೆ, ಗ್ಯಾಸ್ಕೆಟ್, ಹಾಪರ್ ಬಿಡಿಯಾಗಿ ಸಿಗ್ತಾವಾ? ಬಿಡಿಭಾಗ ಸಿಗುವ, ಸ್ಕ್ರೂ ಬಿಚ್ಚಿದರೆ ಒಳಗೆ ಕೈಹಾಕಬಹುದಾದ ಯಂತ್ರಕ್ಕೆ ಎರಡು ಸಾವಿರ ಜಾಸ್ತಿ ಕೊಟ್ಟರೂ ಲುಕ್ಸಾನಿಲ್ಲ. ಪರದೆ, ಬಣ್ಣದ ದೀಪ, ಮೊಬೈಲ್ ಆ್ಯಪ್ ಇವಕ್ಕೆಲ್ಲ ನಾನು ಒಂದು ರೂಪಾಯಿಯೂ ಜಾಸ್ತಿ ಕೊಡೋದಿಲ್ಲ, ಮೊದಲು ಕೆಡುವವು ಅವೇ. ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಓಡಿಸುವ ಲೆಕ್ಕ ಇದ್ದರೆ ಮೋಟರ್‌ನ ವ್ಯಾಟ್ ನೋಡಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಎಳೆಯುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗುಂಯ್‌ಗುಟ್ಟುತ್ತದೆ, ಬಿಸಿಯೂ ಆಗುತ್ತದೆ. ಹತ್ತು ನಿಮಿಷ ಕಾಯೋದೇ ಒಳ್ಳೆಯದು.

ಹವೆ ಬಗ್ಗೆ ಎರಡು ಮಾತು. ಜೂನ್ ಬಂತೆಂದರೆ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ಹಪ್ಪಳ ಮೆತ್ತಗಾಗುವ ಕಾಲ. ಆಗ ಹಾಪರ್ ತುಂಬಾ ಬೀಜ ಸುರಿದು ವಾರಗಟ್ಟಲೆ ಬಿಟ್ಟರೆ ಬೀಜ ತೇವ ಎಳೆದುಕೊಳ್ಳುತ್ತದೆ, ಪುಡಿ ಗಂಟುಕಟ್ಟುತ್ತದೆ, ಟೈಮರ್ ಅಳತೆಯೂ ಜಾರುತ್ತದೆ. ಹಾಪರ್ ತುಂಬಿದ್ದರೆ ಟೈಮರ್‌ಗೆ ಒಳ್ಳೆಯದು, ಬೀಜಕ್ಕೆ ಕೆಟ್ಟದ್ದು. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ನಾಲ್ಕೈದು ದಿನಕ್ಕಾಗುವಷ್ಟು ಮಾತ್ರ ಹಾಕಿ, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ದೊಡ್ಡ ಹಾಪರ್ ಅಂತ ಮೆಚ್ಚಿ ಯಂತ್ರ ಕೊಳ್ಳೋದು ಇದಕ್ಕೇ ಬೇಡ ಅನ್ನೋದು. ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಒಣ ಹವೆಗೆ ಪುಡಿಯಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ, ಅದು ಡಬ್ಬಿಯ ಗೋಡೆಗೆ, ಕಟ್ಟೆಗೆ, ಕೈಗೆ ಎಲ್ಲ ಕಡೆ ಅಂಟುತ್ತದೆ. ಬೀಜವನ್ನು ತೂಗಿ ಹಾಕುವವರು ಅದಕ್ಕೆ ಒಂದೆರಡು ಹನಿ ನೀರು ತಾಗಿಸಿ ಅಲುಗಾಡಿಸಿ ಹಾಕ್ತಾರೆ. ಇದು ಬರೀ ನಂಬಿಕೆಯಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜ್ವಾಲಾಮುಖಿ ಬೂದಿಯ ವಿದ್ಯುತ್ ಓದುವವರ ಜೊತೆ ಸೇರಿ ಪರೀಕ್ಷಿಸಿ, ಸ್ವಲ್ಪ ನೀರು ಸೇರಿಸಿದರೆ ಈ ವಿದ್ಯುತ್ ಕಡಿಮೆಯಾಗುತ್ತದೆ ಅಂತ 2023ರಲ್ಲಿ ಪ್ರಕಟಿಸಿದರು. ಆದರೆ ಹಾಪರ್ ತುಂಬಿಡುವವರು ಇದನ್ನು ಮಾಡಬಾರದು, ಒದ್ದೆ ಬೀಜ ಅಲ್ಲೇ ಕೂತುಕೊಳ್ಳುತ್ತದೆ. ಅವರು ಪುಡಿ ಬಿದ್ದ ಮೇಲೆ ಅರ್ಧ ನಿಮಿಷ ಬಿಟ್ಟು ಡಬ್ಬಿ ತೆಗೆದರೆ ಹಾರೋದು ಕಡಿಮೆ.

ಯಾವ ಗ್ರೈಂಡರ್‌ನಲ್ಲೂ ಒಂದಷ್ಟು ಪುಡಿ ಒಳಗೇ ಉಳಿಯುತ್ತದೆ, ಅಂದರೆ ಇವತ್ತಿನ ಕಾಫಿಯಲ್ಲಿ ನಿನ್ನೆಯ ಪುಡಿ ಸ್ವಲ್ಪ ಇದ್ದೇ ಇರುತ್ತದೆ. ಎಸ್ಪ್ರೆಸೊದವರು ಇದಕ್ಕೆ ದಿನಾ ಮೊದಲು ಸ್ವಲ್ಪ ಓಡಿಸಿ ಚೆಲ್ಲುತ್ತಾರೆ. ಹಾಲು, ಚಿಕೋರಿ, ಸಕ್ಕರೆ ಬೀಳುವ ಲೋಟಕ್ಕೆ ಚೆಲ್ಲುವ ಅಗತ್ಯ ಇಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಪ್ಲಗ್ ಕಿತ್ತು, ಮೇಲಿನ ಬಿಲ್ಲೆ ತೆಗೆದು, ಒಣ ಬ್ರಶ್‌ನಿಂದ ಉಜ್ಜಿ. ಕಪ್ಪಗೆ ಹುರಿದ ಎಣ್ಣೆ ಎಣ್ಣೆ ಬೀಜವಾದರೆ ಇನ್ನೂ ಬೇಗ. ಉಕ್ಕಿನ ಬಿಲ್ಲೆಗೆ ನೀರು ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ. ಅಕ್ಕಿ ಹಾಕಿ ಓಡಿಸಿದರೆ ಕ್ಲೀನ್ ಆಗುತ್ತದೆ ಅಂತ ಮಿಕ್ಸರ್ ಅಭ್ಯಾಸದಲ್ಲಿ ಹೇಳ್ತಾರೆ. ಹಸಿ ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಮೋಟರ್‌ಗೆ ಭಾರ, ವಾರಂಟಿಗೂ ಕುತ್ತು ಬರಬಹುದು.

ಬೆಳಗಿನ ಜಾವದ ಸದ್ದನ್ನು ಮರೆಯಬೇಡಿ. 15 ಸೆಕೆಂಡಾದರೂ ಬರ್ ಗ್ರೈಂಡರ್ ಸದ್ದು ಸಣ್ಣದಲ್ಲ, ಪಕ್ಕದ ಕೋಣೆಯಲ್ಲಿ ಕೂಸು ಮಲಗಿದ್ದರೆ ರಾತ್ರಿಯೇ ಪುಡಿ ಮಾಡಿ ಫಿಲ್ಟರ್‌ಗೆ ಹಾಕಿಡುವುದು ಜಾಣತನ. ಯಂತ್ರದ ಕೆಳಗೆ ರಬ್ಬರ್ ಮ್ಯಾಟ್ ಇಟ್ಟರೆ ಗ್ರಾನೈಟ್ ಕಟ್ಟೆ ನಡುಗೋದು ಕಡಿಮೆಯಾಗುತ್ತದೆ.

ಯಂತ್ರ ಮನೆಗೆ ಬಂದ ದಿನ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ, ಇಷ್ಟು ನೋಡಿಬಿಡಿ. ಬೀಜ ಹಾಕದೆ ಆನ್ ಮಾಡಿ ಸದ್ದು ಸಮನಾಗಿದೆಯಾ ಕೇಳಿ. ಸಂದನ್ನು ನಿಧಾನಕ್ಕೆ ಬಿಗಿ ಮಾಡ್ತಾ ಬನ್ನಿ. ಬಿಲ್ಲೆಗಳು ಒಂದಕ್ಕೊಂದು ತಾಗಿದಾಗ ಕಿರ್ ಅನ್ನುತ್ತದೆ, ಕೂಡಲೇ ಹಿಂದೆ ತಿರುಗಿಸಿ. ಆ ಕಿರ್ ಒಂದು ಸುತ್ತಿನಲ್ಲಿ ಒಂದೇ ಕಡೆ ಬಂದು ಹೋಗ್ತಾ ಇದ್ದರೆ ಬಿಲ್ಲೆ ನೇರ ಕೂತಿಲ್ಲ ಅಂತ ಅನುಮಾನ ಪಡಬೇಕು. ಆಮೇಲೆ ಬೀಜ ಹಾಕಿ, ಒಂದೇ ಟೈಮರ್ ಅಳತೆಯಲ್ಲಿ ನಾಲ್ಕೈದು ಸಲ ಓಡಿಸಿ, ಪ್ರತಿ ಸಲದ ತೂಕ ಬರೆದುಕೊಳ್ಳಿ. 20 ಗ್ರಾಂನ ಅಳತೆಗೆ ಒಂದು ಗ್ರಾಂ ಆಚೀಚೆ ನಡೆಯುತ್ತದೆ. ಒಮ್ಮೆ 16, ಒಮ್ಮೆ 23 ಬಂದರೆ ಆ ಕಾಗದದ ಫೋಟೊ ಜೊತೆ ವಾಪಸ್ ಕಳಿಸಿ. ಅಲ್ಲಿಯವರೆಗೆ ಡಬ್ಬಿ, ಥರ್ಮೊಕೋಲ್ ಯಾವುದನ್ನೂ ಬಿಸಾಡಬೇಡಿ.